ರಾಸ್ಪ್‌ಬೆರಿ ಪೈ ಮತ್ತು ಏಳಿಂಚಿನ ಪರದೆ: ಕನ್ನಡ ಓದು-ಬರಹಕ್ಕಾಗಿ ಕಟ್ಟಿದ ಟ್ಯಾಬ್ಲೆಟ್

ಪರದೆ ಬರುವ ಮುನ್ನ

‘ಪೈ’ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳನ್ನು ತಯಾರಿಸುವ ರಾಸ್ಪ್‌ಬೆರಿ ಪೈ ಕಂಪನಿಯು ‘ಟಚ್ ಡಿಸ್‌ಪ್ಲೇ 2’ ಎಂಬ ಏಳು ಇಂಚಿನ ಸ್ಪರ್ಶಪರದೆಯನ್ನು 2024ರ ನವೆಂಬರ್‌ನಲ್ಲಿ 60 ಡಾಲರ್ ಬೆಲೆಗೆ ಹೊರತಂದಾಗ, ಅದರ ವಿವರಗಳಲ್ಲಿ ನಾನು ಮೊದಲು ಹುಡುಕಿದ್ದು ಉದ್ದಗಲವನ್ನು. 2015ರಲ್ಲಿ ಬಂದ ಹಳೆಯ ಪರದೆಯಲ್ಲಿ ಅಗಲಕ್ಕೆ 800, ಎತ್ತರಕ್ಕೆ 480 ಪಿಕ್ಸೆಲ್‌ಗಳಿದ್ದವು. ಅದು ಅಡ್ಡ ಪರದೆ. ಹೊಸದನ್ನು ಮಾಡಿರುವುದೇ ನೆಟ್ಟಗೆ ನಿಲ್ಲಿಸುವುದಕ್ಕೆ: ಅಗಲಕ್ಕೆ 720, ಎತ್ತರಕ್ಕೆ 1280. ಪುಸ್ತಕದ ಪುಟವೂ ನೆಟ್ಟಗೇ ಇರುವುದರಿಂದ, ಓದುವುದಕ್ಕೆಂದೇ ಒಂದು ಟ್ಯಾಬ್ಲೆಟ್ಟನ್ನು ಕೈಯಾರೆ ಕಟ್ಟಬೇಕೆಂಬ ಯೋಚನೆ ಆಗಲೇ ತಲೆಯಲ್ಲಿ ಕುಳಿತಿತು.

ಇದು ನನ್ನ ದೊಡ್ಡಮ್ಮನಿಗಾಗಿ. ಕನ್ನಡ ಶಿಕ್ಷಕಿಯಾಗಿ ನಿವೃತ್ತರಾದ ಅವರು ಸ್ಕ್ಯಾನ್ ಮಾಡಿಟ್ಟ ಹಳೆಯ ಪುಸ್ತಕಗಳನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುತ್ತಾರೆ, ತಮಗೆ ಬರುವ ಸಂಪ್ರದಾಯದ ಹಾಡುಗಳನ್ನು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಹಾಡುಗಳನ್ನು ಟೈಪ್ ಮಾಡಬೇಕೆಂಬ ಆಸೆ ಅವರಿಗಿದೆ. ಆದರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಪದ್ಧತಿ ಅವರಿಗೆ ಒಗ್ಗುವುದಿಲ್ಲ. ಫೋನಿನ ಕೆಲವು ಕನ್ನಡ ಕೀಲಿಮಣೆಗಳಲ್ಲಿ ವ್ಯಂಜನವನ್ನು ಒತ್ತಿದೊಡನೆ ಸ್ವರಗಳ ಸಾಲು ಕಾಗುಣಿತದ ರೂಪಗಳಿಗೆ ಬದಲಾಗುತ್ತದೆ. ತಂತ್ರದ ದೃಷ್ಟಿಯಿಂದ ಅದು ಜಾಣ ಏರ್ಪಾಡೇ ಆದರೂ, ಅಕ್ಷರಗಳು ಇದ್ದ ಕಡೆ ಇರುವುದಿಲ್ಲವೆಂಬುದು ದೊಡ್ಡಮ್ಮನ ಆಕ್ಷೇಪ. ಅಂಗಡಿಯಲ್ಲಿ ಸಿಗುವ ಯಾವ ಟ್ಯಾಬ್ಲೆಟ್ಟಾದರೂ ಓದುವ ಕೆಲಸವನ್ನು ಮಾಡಿಕೊಡುತ್ತದೆ, ಬಹುಶಃ ಇದಕ್ಕಿಂತ ಅಗ್ಗವಾಗಿಯೇ. ಕೀಲಿಮಣೆಯನ್ನು ನಮಗೆ ಬೇಕಾದಂತೆ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದುಕೊಳ್ಳುವ ಸ್ವಾತಂತ್ರ್ಯ ಬೇಕಾಗಿದ್ದುದರಿಂದ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ನಡೆಯುವ ಯಂತ್ರವನ್ನೇ ಆರಿಸಿಕೊಂಡೆ.

ಕೈಯಲ್ಲಿ ಹಿಡಿಯುವ, ಲಿನಕ್ಸ್ ನಡೆಸುವ, ಕನ್ನಡ ಬಲ್ಲ ಯಂತ್ರದ ಆಸೆ ಬೆಂಗಳೂರಿಗೆ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಇಲ್ಲಿಯೇ ಪ್ರದರ್ಶನಗೊಂಡಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಅದರೊಳಗಿದ್ದುದೂ ಆರ್ಮ್ ಎಂಬ ವಿನ್ಯಾಸ ಮೂಲದ ಚಿಪ್ಪೇ, ಇಂದಿನ ಪೈಯೊಳಗಿರುವುದೂ ಆರ್ಮ್ ಚಿಪ್ಪೇ. ಮಧ್ಯದಲ್ಲಿ 2011ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ, ಸರ್ಕಾರದ ಅಗ್ಗದ ‘ಆಕಾಶ್’ ಟ್ಯಾಬ್ಲೆಟ್ಟಿಗೆ ದೇಶವೇ ಕಾದು ಕುಳಿತಿತ್ತು; ಅದರಲ್ಲಿದ್ದ ಆಂಡ್ರಾಯ್ಡ್ 2.2ಕ್ಕೆ ಕನ್ನಡ ಲಿಪಿಯನ್ನು ತೋರಿಸುವ ಸಿದ್ಧತೆಯೇ ಇರಲಿಲ್ಲ. ಆ ಹೋಲಿಕೆಯಲ್ಲಿ ನಮ್ಮ ಕಾಲದ ಬಿಡಿಭಾಗಗಳು ಬಹಳ ಮುಂದೆ ಬಂದಿವೆ.

ಪರದೆಗೆ ಆರ್ಡರ್ ಕೊಟ್ಟು ಕಾಯುವ ಅವಧಿಯನ್ನು ಅದರ ಅಳತೆಯ ನಕ್ಷೆ ಓದುವುದಕ್ಕೆ ಬಳಸಿಕೊಂಡೆ. ಬೆಳಗುವ ಭಾಗ 88 ಮಿಲಿಮೀಟರ್ ಅಗಲ, 155 ಮಿಲಿಮೀಟರ್ ಎತ್ತರ. ಅಂದರೆ ಮಿಲಿಮೀಟರಿಗೆ ಎಂಟಕ್ಕಿಂತ ತುಸು ಹೆಚ್ಚು ಪಿಕ್ಸೆಲ್. ಒತ್ತಕ್ಷರಗಳ ಕೆಳಗಿನ ಸುಳಿಗಳು ಕಲಸಿಹೋಗದೆ ಕಾಣಲು ಇದು ಸಾಕು. ಕಾಗದದ ಮೇಲೆ ಅದೇ ಅಳತೆಯ ಆಯತವನ್ನು ಗೀಚಿ, ಅಗಲಕ್ಕೆ ಹತ್ತು ಕೀಲಿಗಳನ್ನು ಹಂಚಿದೆ. ಒಂದೊಂದಕ್ಕೂ 8.8 ಮಿಲಿಮೀಟರ್ ಸಿಕ್ಕಿತು. ಫೋನಿನ ಕೀಲಿಗಿಂತ ಎಷ್ಟೋ ಅಗಲ. ಕೀಲಿಮಣೆಯ ವಿನ್ಯಾಸವು ಪೆಟ್ಟಿಗೆ ಬರುವ ಮೊದಲೇ ಕಾಗದದ ಮೇಲೆ ಮುಕ್ಕಾಲು ಪಾಲು ಮುಗಿದಿತ್ತು.

ವಿದ್ಯುತ್ತಿನ ಲೆಕ್ಕ

ಪೈ ಬಳಸಿ ಟ್ಯಾಬ್ಲೆಟ್ ಕಟ್ಟುವವರು ಬಹುಪಾಲು ಎಡವುವುದು ವಿದ್ಯುತ್ ಪೂರೈಕೆಯಲ್ಲಿ. ಹೊಸ ಪೈ 5 ಪೂರ್ಣ ಸಾಮರ್ಥ್ಯಕ್ಕೆ 5 ವೋಲ್ಟ್‌ನಲ್ಲಿ 5 ಆಂಪಿಯರ್ ಕೇಳುತ್ತದೆ. 3 ಆಂಪಿಯರಿನ ಮೂಲ ಕೊಟ್ಟರೆ ಯುಎಸ್‌ಬಿ ಕಿಂಡಿಗಳಿಗೆ ಹೋಗುವ ಕರೆಂಟನ್ನು ಒಟ್ಟು 600 ಮಿಲಿಆಂಪಿಯರ್‌ಗೆ ಕಡಿತಗೊಳಿಸುತ್ತದೆ. 5 ವೋಲ್ಟ್‌ನಲ್ಲಿ 5 ಆಂಪಿಯರ್ ಕೊಡುವ ಪವರ್‌ಬ್ಯಾಂಕ್ ಸುಲಭಕ್ಕೆ ಸಿಗುವ ವಸ್ತುವಲ್ಲ. ಆದ್ದರಿಂದ 3 ಆಂಪಿಯರಿಗೇ ತೃಪ್ತವಾಗುವ ಪೈ 4ರ 4 ಜಿಬಿ ಮಾದರಿಯನ್ನು ಆರಿಸಿಕೊಂಡೆ. ಅದು 2019ರ ಬೋರ್ಡ್. ಪುಸ್ತಕ ಓದುವುದಕ್ಕೂ ಹಾಡು ಬರೆಯುವುದಕ್ಕೂ ಅದರ ವೇಗ ಧಾರಾಳವಾಯಿತು. ಹಳೆಯ ಬೋರ್ಡನ್ನು ಎರಡನೇ ಕೈಯಿಂದ ಕೊಳ್ಳುವವರು ಒಂದನ್ನು ಗಮನಿಸಬೇಕು: ಪೈ 4ರ ಮೊದಮೊದಲ ಪ್ರತಿಗಳಲ್ಲಿ ಯುಎಸ್‌ಬಿ-ಸಿ ಕಿಂಡಿಯ ವಿನ್ಯಾಸದೋಷವಿದ್ದು, ಒಳಗೆ ಗುರುತಿನ ಚಿಪ್ಪಿರುವ ದುಬಾರಿ ಕೇಬಲ್‌ಗಳನ್ನು ಹಾಕಿದರೆ ಬೋರ್ಡಿಗೆ ಕರೆಂಟೇ ಹರಿಯುವುದಿಲ್ಲ. ಆಮೇಲಿನ ಪ್ರತಿಗಳಲ್ಲಿ ಇದನ್ನು ಸರಿಪಡಿಸಿದ್ದಾರೆ.

ಪವರ್‌ಬ್ಯಾಂಕ್ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. 22.5 ವಾಟ್ ಎಂದು ಮುಂದೆ ಬರೆದಿದ್ದರೂ ಆ ಶಕ್ತಿ ಸಾಮಾನ್ಯವಾಗಿ ಸಿಗುವುದು 9 ಅಥವಾ 10 ವೋಲ್ಟಿನಂಥ ಹೆಚ್ಚಿನ ಒತ್ತಡದಲ್ಲಿ, ಎಷ್ಟು ವೋಲ್ಟ್ ಬೇಕೆಂದು ಫೋನಿನೊಡನೆ ಮಾತುಕತೆ ಮುಗಿದ ಮೇಲೆ. ಪೈ 4 ಅಂಥ ಮಾತುಕತೆಗೆ ಹೋಗುವುದೇ ಇಲ್ಲ; ಅದಕ್ಕೆ ಬೇಕಾದದ್ದು 5 ವೋಲ್ಟ್ ಮಾತ್ರ. ಆದ್ದರಿಂದ ‘5 ವೋಲ್ಟ್, 3 ಆಂಪಿಯರ್’ ಎಂಬ ಸಾಲು ಹಿಂಬದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿರಬೇಕು. ಸಾಮರ್ಥ್ಯದ ಅಂಕಿಯೂ ಹೀಗೆಯೇ. 10,000 ಎಂಎಎಚ್ ಎಂಬುದು ಒಳಗಿನ ಲಿಥಿಯಂ ಕೋಶದ 3.7 ವೋಲ್ಟಿನ ಲೆಕ್ಕ, ಅಂದರೆ 37 ವಾಟ್-ಗಂಟೆ. ಅದನ್ನು 5 ವೋಲ್ಟಿಗೆ ಏರಿಸುವಾಗ ಒಂದಷ್ಟು ಶಾಖವಾಗಿ ಸೋರಿಹೋಗುತ್ತದೆ. ನನ್ನ ಪವರ್‌ಬ್ಯಾಂಕಿನ ಹಿಂದೆ 5 ವೋಲ್ಟಿನ ಲೆಕ್ಕದಲ್ಲಿ 6,000 ಎಂಎಎಚ್ ಎಂದು ಅಚ್ಚಾಗಿತ್ತು; ಎಂದರೆ 30 ವಾಟ್-ಗಂಟೆ. ಪರದೆಯೂ ಬೋರ್ಡೂ ಸೇರಿ ಓದುವ ಹೊತ್ತಿನಲ್ಲಿ ಐದಾರು ವಾಟ್ ಎಳೆಯುವುದನ್ನು ಯುಎಸ್‌ಬಿ ಮೀಟರ್ ತೋರಿಸಿತು. ಹಾಗಾಗಿ ಐದು ಗಂಟೆಯ ಓದು ಖಚಿತ, ಅದಕ್ಕಿಂತ ಹೆಚ್ಚಿಗೆ ಸಿಕ್ಕರೆ ಲಾಭ.

ಮೊದಲು ಹಾಕಿದ ಕೇಬಲ್‌ನಲ್ಲಿ ಪರದೆಯ ಮೂಲೆಯಲ್ಲಿ ‘ಲೋ ವೋಲ್ಟೇಜ್’ ಎಂಬ ಎಚ್ಚರಿಕೆ ಆಗಾಗ ಕಾಣಿಸಿಕೊಂಡಿತು. ಬೋರ್ಡಿಗೆ ತಲುಪುವ ಒತ್ತಡ 4.63 ವೋಲ್ಟಿಗಿಂತ ಇಳಿದರೆ ಪೈ ಹೀಗೆ ದೂರು ಹೇಳುತ್ತದೆ. ಪವರ್‌ಬ್ಯಾಂಕಿನ ಬಾಯಲ್ಲಿ ಅಳೆದರೆ 5.1 ವೋಲ್ಟ್ ಇದ್ದೇ ಇತ್ತು. ಒಂದು ಮೀಟರ್ ಉದ್ದದ ತೆಳ್ಳನೆಯ ತಂತಿಯಲ್ಲಿ ಉಳಿದದ್ದು ಕಳೆದುಹೋಗುತ್ತಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಗೇಣುದ್ದದ, ದಪ್ಪ ತಂತಿಯ ಕೇಬಲ್ ತಂದು ಹಾಕಿದ ಮೇಲೆ ಎಚ್ಚರಿಕೆ ಮತ್ತೆ ಬರಲಿಲ್ಲ. ಪೆಟ್ಟಿಗೆಯೊಳಗೆ ಸುತ್ತಿಡಲು ಉದ್ದದ ಕೇಬಲ್‌ಗೆ ಜಾಗವೂ ಇರಲಿಲ್ಲವಾದ್ದರಿಂದ ಇದು ಎರಡು ವಿಧದಲ್ಲಿ ಅನುಕೂಲವಾಯಿತು.

ಜೋಡಣೆ

ಪರದೆಯ ಪೆಟ್ಟಿಗೆಯಲ್ಲಿ ಎರಡು ಚಪ್ಪಟೆ ರಿಬ್ಬನ್ ಕೇಬಲ್‌ಗಳು ಬರುತ್ತವೆ. ಕಿರಿದಾದ ತುದಿಯುಳ್ಳದ್ದು ಪೈ 5ಕ್ಕೆ. ಎರಡೂ ಕಡೆ 15 ಸಂಪರ್ಕಗಳಿರುವುದು ಅದಕ್ಕಿಂತ ಹಿಂದಿನ ಬೋರ್ಡುಗಳಿಗೆ. ಇವುಗಳೊಂದಿಗೆ ಎಂ2.5 ಅಳತೆಯ ತಿರುಪುಗಳೂ, ವಿದ್ಯುತ್ತಿಗಾಗಿ ಮೂರು ಪಿನ್ನಿನ ಒಂದು ತಂತಿಯೂ ಇವೆ. ರಿಬ್ಬನ್ ಕೂರಿಸುವಾಗ ಕನೆಕ್ಟರಿನ ಕ್ಲಿಪ್ಪನ್ನು ಎರಡೂ ಬದಿಯಿಂದ ಉಗುರಿನಲ್ಲಿ ಸಮನಾಗಿ ಮೇಲೆತ್ತಬೇಕು. ಒಂದೇ ಬದಿಯಿಂದ ಎತ್ತಿದರೆ ಅದು ಮುರಿಯುವ ಸಂಭವ ಹೆಚ್ಚು. ಪೈ 4ರಲ್ಲಿ ‘ಡಿಸ್‌ಪ್ಲೇ’ ಎಂದು ಅಚ್ಚಾಗಿರುವ ಕಿಂಡಿಗೆ ರಿಬ್ಬನ್ನಿನ ಹೊಳೆಯುವ ಸಂಪರ್ಕಗಳು ಯುಎಸ್‌ಬಿ ಮತ್ತು ಈಥರ್ನೆಟ್ ಕಿಂಡಿಗಳ ಕಡೆ ಮುಖ ಮಾಡುವಂತೆ ಇಳಿಸಿ, ಕ್ಲಿಪ್ಪನ್ನು ಕೆಳಗೊತ್ತಬೇಕು. ಸರಿಯಾಗಿ ಕುಳಿತ ರಿಬ್ಬನ್ನಿನಲ್ಲಿ ಸಂಪರ್ಕಗಳ ಅಂಚು ಕನೆಕ್ಟರಿಗೆ ಸಮಾನಾಂತರವಾಗಿ ಕಾಣುತ್ತದೆ; ಒಂದು ಕಡೆ ಹೆಚ್ಚು ಹೊಳಪು ಕಂಡರೆ ಅದು ಓರೆಯಾಗಿದೆ ಎಂದರ್ಥ.

ವಿದ್ಯುತ್ ತಂತಿಯ ವಿಷಯದಲ್ಲಿ ಅವಸರ ಕೂಡದು. ಕೆಂಪು ತಂತಿ ಬೋರ್ಡಿನ 2ನೇ ಪಿನ್ನಿಗೆ, ಕಪ್ಪು ತಂತಿ 6ನೇ ಪಿನ್ನಿಗೆ ಹೋಗಬೇಕು; ತಿರುವುಮುರುವಾದರೆ ಪರದೆ ಸುಟ್ಟುಹೋಗಬಹುದು. ಪಿನ್‌ಗಳ ಎಣಿಕೆ ಮೆಮೊರಿ ಕಾರ್ಡಿನ ಕಡೆಯಿಂದ ಆರಂಭವಾಗಿ, ಬೋರ್ಡಿನ ಅಂಚಿನ ಸಾಲಿನಲ್ಲಿ ಸಮಸಂಖ್ಯೆಗಳು, ಒಳಸಾಲಿನಲ್ಲಿ ಬೆಸಸಂಖ್ಯೆಗಳು ಬರುತ್ತವೆ.

ಪೈ 4ರಲ್ಲಿ ಆನ್-ಆಫ್ ಗುಂಡಿ ಇಲ್ಲ. ಅದಕ್ಕೊಂದು ಸರಳ ಉಪಾಯವಿದೆ: 5ನೇ ಪಿನ್ನನ್ನು ಗ್ರೌಂಡಿಗೆ, ಅಂದರೆ ಶೂನ್ಯ ವೋಲ್ಟಿನ ಪಿನ್ನಿಗೆ, ತಾಕಿಸಿದರೆ ನಿಂತುಹೋದ ಪೈ ಎಚ್ಚರಗೊಳ್ಳುತ್ತದೆ, ಸಂರಚನಾ ಕಡತದಲ್ಲಿ ಶಟ್‌ಡೌನ್‌ಗೆಂದೇ ಇರುವ ಒಂದು ಸಾಲನ್ನು ಸೇರಿಸಿದರೆ ಅದೇ ಪಿನ್ನು ನಡೆಯುತ್ತಿರುವ ಪೈಯನ್ನು ಕ್ರಮವಾಗಿ ಮುಚ್ಚಿಸುತ್ತದೆ. ಪಕ್ಕದ 6ನೇ ಪಿನ್ನಿನ ಗ್ರೌಂಡನ್ನು ಪರದೆ ಆಕ್ರಮಿಸಿಕೊಂಡಿದ್ದುದರಿಂದ, ಒತ್ತುಗುಂಡಿಯ ಎರಡನೆಯ ತಂತಿಯನ್ನು 9ನೇ ಪಿನ್ನಿಗೆ ಕೊಟ್ಟೆ. 5ನೇ ಪಿನ್ನು ಚಿಪ್ಪುಗಳು ಪರಸ್ಪರ ಸಂಕೇತ ಕಳಿಸುವ ಐ-ಸ್ಕ್ವೇರ್ಡ್-ಸಿ ಸಂಪರ್ಕಕ್ಕೂ ಮೀಸಲಾದದ್ದು. ಆದರೆ ಪರದೆಯ ಸ್ಪರ್ಶದ ಸಂಕೇತಗಳು ರಿಬ್ಬನ್ನಿನ ಮೂಲಕವೇ ಬೇರೆ ದಾರಿಯಲ್ಲಿ ಹೋಗುವುದರಿಂದ ಎರಡಕ್ಕೂ ತಕರಾರಿಲ್ಲ.

ಚೌಕಟ್ಟಿಗೆ ಮರವನ್ನು ಆರಿಸಿದ್ದಕ್ಕೆ ಕಾರಣ ವೈ-ಫೈ. ಪೈಯ ಆಂಟೆನಾ ಬೋರ್ಡಿನ ಮೇಲೆಯೇ ಇದೆ, ಲೋಹದ ಪೆಟ್ಟಿಗೆ ಅದನ್ನು ಮಂಕು ಮಾಡುತ್ತದೆ. ಪರದೆಯ ಹೊರ ಅಳತೆ ಸುಮಾರು 189 ಮಿಲಿಮೀಟರ್ ಎತ್ತರ, 120 ಮಿಲಿಮೀಟರ್ ಅಗಲ. ಅದರ ಬೆನ್ನಿಗೆ ಪೈ ತಿರುಪಿನಲ್ಲಿ ಕುಳಿತ ಮೇಲೆ ಪಕ್ಕದಲ್ಲಿ ಪವರ್‌ಬ್ಯಾಂಕಿಗೆ ಎಡೆ ಉಳಿಯುವುದಿಲ್ಲ. ಆದಕಾರಣ ಚೌಕಟ್ಟನ್ನು ಪರದೆಯ ಕೆಳಗೆ ಏಳು ಸೆಂಟಿಮೀಟರ್ ಮುಂದುವರಿಸಿ, ಗಿಡ್ಡನೆಯ ದಪ್ಪ ಪವರ್‌ಬ್ಯಾಂಕನ್ನು ಅಲ್ಲಿ ಅಡ್ಡಲಾಗಿ ಕೂರಿಸುವುದೆಂದು ನಿರ್ಧರಿಸಿದೆ. ಭಾರ ಕೆಳಗಿದ್ದರೆ ಹಿಡಿಯುವುದಕ್ಕೂ ಹದ.

ನಕ್ಷೆ ನೋಡಿದ ಬಡಗಿ ಆಚಾರ್ರು, “ಏನ್ ಸಾರ್ ಇದು, ಫೋಟೋಗೆ ಕಟ್ಟಾ? ಕೆಳಗಡೆ ಯಾಕೆ ಇಷ್ಟು ಬಿಟ್ಟಿದೀರಿ?” ಎಂದರು.

“ಕಂಪ್ಯೂಟರ್ ಕೂರಿಸೋಕೆ ಆಚಾರ್ರೇ. ಕೆಳಗಡೆ ಬ್ಯಾಟರಿ ಬರುತ್ತೆ, ಬಿಸಿ ಆಗುತ್ತೆ.”

“ಬಿಸಿ ಆಗೋದಾದ್ರೆ ಹಿಂದಗಡೆ ಪೂರ್ತಿ ಮುಚ್ಚಬೇಡಿ, ಗಾಳಿ ಆಡ್ಲಿ” ಎಂದು ಹೇಳಿ, ಹಿಂಬದಿಯ ಹಲಗೆಯಲ್ಲಿ ಸಾಲಾಗಿ ತೂತು ಕೊರೆದು ಕೊಟ್ಟರು. ಚಿಪ್ಪಿನ ಶಾಖ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಲ್ಯೂಮಿನಿಯಂನ ಸಣ್ಣ ಹೀಟ್‌ಸಿಂಕ್ ಅಂಟಿಸಿ, ಆ ತೂತುಗಳ ಎದುರಿಗೇ ಚಿಪ್ಪು ಬರುವಂತೆ ಇಟ್ಟ ಮೇಲೆ, ಮಧ್ಯಾಹ್ನದ ಸೆಕೆಯಲ್ಲಿಯೂ ಆ ಮಟ್ಟ ಮುಟ್ಟಲಿಲ್ಲ. ಫ್ಯಾನಿನ ಗೋಜಿಗೆ ಹೋಗಬೇಕಾಗಲಿಲ್ಲ. ಇಡೀ ವಸ್ತು ದಪ್ಪಗಿದೆ, ಅದನ್ನು ಮರೆಮಾಚುವಂತಿಲ್ಲ. ಪೈ 4ರ ಯುಎಸ್‌ಬಿ ಕಿಂಡಿಗಳ ಎತ್ತರವೇ ಅದಕ್ಕೆ ಕಾರಣ. ಅವನ್ನು ಬೆಸುಗೆ ಬಿಡಿಸಿ ತೆಗೆದುಹಾಕುವವರಿದ್ದಾರೆ. ಪೆನ್‌ಡ್ರೈವಿನಲ್ಲಿ ಪುಸ್ತಕ ತರುವ ಮನೆಯಲ್ಲಿ ಆ ಕಿಂಡಿಗಳು ಇರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲ ಬಾರಿ ಬೆಳಗಿದ್ದು

ಪೈಯ ಕಾರ್ಯಾಚರಣ ವ್ಯವಸ್ಥೆಯಾದ ರಾಸ್ಪ್‌ಬೆರಿ ಪೈ ಓಎಸ್ ಅನ್ನು ಮೆಮೊರಿ ಕಾರ್ಡಿಗೆ ಬರೆಯುವಾಗಲೇ ವೈ-ಫೈ ಹೆಸರು, ಗುಪ್ತಪದಗಳನ್ನು ಬರೆಯುವ ತಂತ್ರಾಂಶವಾದ ಇಮೇಜರ್‌ನಲ್ಲಿ ತುಂಬಿಬಿಟ್ಟರೆ, ಪರದೆ ಬೆಳಗಿದ ಮೇಲೆ ಬೇರೆ ಕೀಲಿಮಣೆಯನ್ನು ಹುಡುಕಬೇಕಾಗಿಲ್ಲ. ಕರೆಂಟು ಕೊಟ್ಟ ಮೊದಲ ಕ್ಷಣಗಳಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ. ಹಸಿರು ದೀಪ ಮಿನುಗುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ. ಒಮ್ಮೆ ತಾನಾಗಿಯೇ ಮರುಆರಂಭಗೊಂಡ ನಂತರ ಡೆಸ್ಕ್‌ಟಾಪ್ ಮೂಡಿತು, ನೆಟ್ಟಗೆ, ಯಾವ ಹೊಂದಾಣಿಕೆಯೂ ಇಲ್ಲದೆ. ಬೆರಳಿನ ಸ್ಪರ್ಶವೂ ಅಂಚಿನವರೆಗೆ ಸರಿಯಾಗಿ ಮುಟ್ಟುತ್ತಿತ್ತು.

ಆದರೆ ಎಲ್ಲವೂ ಅತಿ ಚಿಕ್ಕದು. ಪರದೆಯ ಸಾಂದ್ರತೆ ಇಂಚಿಗೆ 200ಕ್ಕಿಂತ ಹೆಚ್ಚು ಪಿಕ್ಸೆಲ್ ಇರುವುದರಿಂದ, ಮೇಜಿನ ಮಾನಿಟರಿಗೆ ಹೊಂದಿಸಿದ ಮೆನುಗಳು ಇಲ್ಲಿ ಸಾಸಿವೆ ಕಾಳಿನಷ್ಟಾಗುತ್ತವೆ. ಅಳತೆಯನ್ನು ಒಂದೂವರೆ ಪಟ್ಟು ಹಿಗ್ಗಿಸಿ, ಫಲಕದ ಚಿತ್ರಗಳನ್ನು ದೊಡ್ಡ ಗಾತ್ರಕ್ಕೆ ಬದಲಿಸಿದ ಮೇಲೆ ಬೆರಳಿಗೆ ಸಿಗುವಂತಾಯಿತು.

ಕನ್ನಡ ಫಾಂಟುಗಳು ಪೈ ಓಎಸ್‌ಗೆ ಮೂಲವಾದ ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿ ಸಿದ್ಧವಾಗಿವೆ: ನೋಟೋ, ಲೋಹಿತ್, ಗುಬ್ಬಿ, ನವಿಲು. ಮೆನುಗಳಿಗೆ ನೋಟೋ ಸ್ಯಾನ್ಸ್ ಕನ್ನಡವನ್ನೂ ಬರೆಯುವ ಕಿಟಕಿಗೆ ಗುಬ್ಬಿಯನ್ನೂ ಇಟ್ಟೆ. ಯಾವುದೇ ಹೊಸ ಸಾಧನದಲ್ಲಿ ನಾನು ಪರೀಕ್ಷೆಗೆಂದು ಬರೆದು ನೋಡುವ ಎರಡು ಪದಗಳಿವೆ, ‘ರ‍್ಯಾಂಕ್’ ಮತ್ತು ‘ಸಾಫ್ಟ್‌ವೇರ್’. ಮೊದಲನೆಯದರಲ್ಲಿ ರಕಾರ ಅರ್ಕಾವತ್ತಾಗಿ ಬದಲಾಗದೆ ನಿಂತು ಯಕಾರ ಕೆಳಗೆ ಹೋಗಬೇಕು. ಎರಡನೆಯದರಲ್ಲಿ ವಕಾರ ಒತ್ತಾಗಿ ಇಳಿಯಬಾರದು. ಇವೆರಡಕ್ಕೂ ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಎಂದು ಹೇಳುವ, ಕಣ್ಣಿಗೆ ಕಾಣದ ಜಾಯ್ನರ್, ನಾನ್-ಜಾಯ್ನರ್ ಸಂಕೇತಗಳು ಬೇಕು, ಫಾಂಟೂ ತಂತ್ರಾಂಶವೂ ಅವನ್ನು ಗೌರವಿಸಬೇಕು. ಪಠ್ಯ ಸಂಪಾದಕದಲ್ಲಿ, ಬ್ರೌಸರಿನಲ್ಲಿ ಎರಡೂ ಪದಗಳು ಪಾಸಾದವು. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಮಾತ್ರ ಕನ್ನಡ ಚಿಂದಿಯಾಗಿ ಕಾಣುತ್ತದೆ; ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಹಂಚುವ ಪದ್ಧತಿ ಇರುವುದರಿಂದ ಒತ್ತಕ್ಷರಗಳಿಗೆ ನೆಲೆಯಿಲ್ಲ.

ಕೀಲಿಮಣೆ

ಪೈ ಓಎಸ್‌ನಲ್ಲಿ 2024ರ ಅಕ್ಟೋಬರ್ ಆವೃತ್ತಿಯಿಂದ ‘ಸ್ಕ್ವೀಕ್‌ಬೋರ್ಡ್’ ಎಂಬ ತೆರೆಯ ಮೇಲಿನ ಕೀಲಿಮಣೆ ಸೇರಿದೆ. ಸ್ಪರ್ಶಪರದೆ ಇದ್ದರೆ, ಬರೆಯುವ ಜಾಗವನ್ನು ಮುಟ್ಟಿದೊಡನೆ ಅದು ಕೆಳಗಿನಿಂದ ಏಳುತ್ತದೆ. ಅದರ ಪ್ರತಿ ವಿನ್ಯಾಸವೂ ಒಂದು ಸರಳ ಪಠ್ಯ ಕಡತ: ಯಾವ ಸಾಲಿನಲ್ಲಿ ಯಾವ ಕೀಲಿ, ಯಾವುದನ್ನು ಒತ್ತಿದರೆ ಯಾವ ಪುಟ. ಬಳಕೆದಾರರ ಮನೆ ಕೋಶದಲ್ಲಿ ಅದೇ ಹೆಸರಿನ ಇನ್ನೊಂದು ಕಡತವಿಟ್ಟರೆ, ಮೂಲದ್ದನ್ನು ಬಿಟ್ಟು ನಮ್ಮದನ್ನು ಎತ್ತಿಕೊಳ್ಳುತ್ತದೆ.

ಹತ್ತು ಕಂಬಸಾಲುಗಳಿರುವ ಈ ಪರದೆಗೆ ನಮ್ಮ ವರ್ಣಮಾಲೆ ಹೇಳಿ ಮಾಡಿಸಿದಂತೆ ಹೊಂದುತ್ತದೆ. ಮೊದಲ ಸಾಲಿನಲ್ಲಿ ಕವರ್ಗ, ಚವರ್ಗ; ಎರಡನೆಯದರಲ್ಲಿ ಟವರ್ಗ, ತವರ್ಗ; ಮೂರನೆಯದರಲ್ಲಿ ಪವರ್ಗ ಮತ್ತು ಯ ರ ಲ ವ ಶ. ನಾಲ್ಕನೆಯದರಲ್ಲಿ ಉಳಿದ ಷ ಸ ಹ ಳ, ಅವುಗಳ ಪಕ್ಕದಲ್ಲಿ ವಟ್ರಸುಳಿ, ಔತ್ವ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ, ವಿಸರ್ಗ, ಅಳಿಸುವ ಕೀಲಿ. ಐದನೆಯ ಸಾಲು ಪೂರ್ತಿ ಕಾಗುಣಿತಕ್ಕೆ: ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನಿಳಿ, ಏತ್ವ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಆರನೆಯದರಲ್ಲಿ ಸ್ವರಗಳ ಪುಟಕ್ಕೆ ಹೋಗುವ ಕೀಲಿ, ಅಂಕಿಗಳು, ಇಂಗ್ಲಿಷ್, ನಾನ್-ಜಾಯ್ನರ್, ಖಾಲಿ ಜಾಗ, ಪೂರ್ಣವಿರಾಮ, ಎಂಟರ್. ಎಲ್ಲ 34 ವ್ಯಂಜನಗಳೂ ಒಂದೇ ಪುಟದಲ್ಲಿ, ಒಂದೂ ಅಡಗದೆ. ಙ, ಞ, ಝಗಳು ದಿನಕ್ಕೊಮ್ಮೆಯೂ ಬೇಕಾಗುವುದಿಲ್ಲ ಎಂಬುದು ನಿಜ. ವೇಗವೇ ಗುರಿಯಾಗಿದ್ದರೆ ಅವನ್ನು ಒಳಗೆ ಅಡಗಿಸಬೇಕಿತ್ತು. ಅಡಗಿಸಿದರೆ ವರ್ಗದ ಸಾಲು ಮುರಿಯುತ್ತದೆ, ಕಣ್ಣು ಹುಡುಕುವ ಜಾಗ ತಪ್ಪುತ್ತದೆ. ಇಟ್ಟುಕೊಂಡೆ.

ಸ್ವರಗಳಿಗೆ ಬೇರೆ ಪುಟ ಕೊಡಲು ಕಾರಣವಿದೆ. ಕನ್ನಡದಲ್ಲಿ ಅ, ಆ, ಇ ಮುಂತಾದ ಪೂರ್ಣ ಸ್ವರಗಳು ಬಹುಮಟ್ಟಿಗೆ ಪದದ ಮೊದಲಿಗೆ ಬರುತ್ತವೆ. ಆ ಪುಟವನ್ನು ‘ಲಾಕಿಂಗ್’ ಎಂಬ ಬಗೆಯಲ್ಲಿ ಬರೆದರೆ, ಒಂದು ಸ್ವರವನ್ನು ಒತ್ತಿದ ಕೂಡಲೇ ಕೀಲಿಮಣೆ ತಾನಾಗಿ ವ್ಯಂಜನಗಳ ಪುಟಕ್ಕೆ ಮರಳುತ್ತದೆ. ಇಂಗ್ಲಿಷ್‌ನ ಶಿಫ್ಟ್ ಕೀಲಿಯ ಹಾಗೆಯೇ. ಸ್ವರಗಳ ಪುಟದಲ್ಲಿ ಜಾಗ ಉಳಿದಿತ್ತು, ಅಲ್ಲಿ ಹಳಗನ್ನಡದ ಱ, ೞ ಮತ್ತು ಅವಗ್ರಹವನ್ನು ಸೇರಿಸಿದೆ.

ಕಡತ ಬರೆಯುವಾಗ ಒಂದು ತೊಡಕಿದೆ. ಕಾಗುಣಿತದ ಚಿಹ್ನೆಗಳನ್ನು ಒಂಟಿಯಾಗಿ ಟೈಪ್ ಮಾಡಿದರೆ ಅವು ಹಿಂದಿನ ಉದ್ಧರಣ ಚಿಹ್ನೆಗೋ ಖಾಲಿ ಜಾಗಕ್ಕೋ ಅಂಟಿಕೊಳ್ಳುತ್ತವೆ, ಇಲ್ಲವೇ ಚುಕ್ಕೆಗಳ ವೃತ್ತವೊಂದನ್ನು ಹೊತ್ತು ನಿಲ್ಲುತ್ತವೆ; ಆ ಸಾಲನ್ನು ತಿದ್ದುವಾಗ ಕರ್ಸರ್ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಚಿಹ್ನೆಯ ಕೀಲಿಗೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರಿಟ್ಟು, ಕೆಳಗೆ ಆ ಹೆಸರಿನ ಮುಂದೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದಕ್ಕಿರುವ ಸಂಖ್ಯೆಯನ್ನು ಬರೆಯುವುದು ವಾಸಿ. ಯೂನಿಕೋಡ್‌ನ ಕನ್ನಡ ವಿಭಾಗ 128 ಸ್ಥಾನಗಳ ಚಿಕ್ಕ ಕೋಷ್ಟಕ. ಅದನ್ನು ಮುದ್ರಿಸಿ ಪಕ್ಕದಲ್ಲಿಟ್ಟುಕೊಂಡರೆ ಕೆಲಸ ಸಲೀಸು. ತೆರೆಯ ಮೇಲಿನ ಕೀಲಿಗಳಲ್ಲಿ ಮಾತ್ರ ಆ ಚುಕ್ಕೆವೃತ್ತವನ್ನು ಹಾಗೆಯೇ ಬಿಟ್ಟಿದ್ದೇನೆ, ಚಿಹ್ನೆ ಅಕ್ಷರದ ಯಾವ ಬದಿಗೆ ಕೂರುತ್ತದೆ ಎಂಬುದನ್ನು ಅದೇ ತೋರಿಸುತ್ತದೆ.

ನನಗಾಗಿ ಬ್ಲೂಟೂತ್ ಕೀಲಿಮಣೆಯನ್ನೂ ಜೋಡಿಸಿ, ನುಡಿ ತಂತ್ರಾಂಶದಿಂದ ರೂಢಿಯಾದ ಕಗಪ ವಿನ್ಯಾಸವನ್ನು ಹಾಕಿಕೊಂಡೆ. ಲಿನಕ್ಸ್‌ನಲ್ಲಿ ಇದು ಎರಡು ದಾರಿಯಲ್ಲಿ ಸಿಗುತ್ತದೆ. ವ್ಯವಸ್ಥೆಯಲ್ಲೇ ಅಡಕವಾಗಿರುವ ಕೀಲಿ ನಕ್ಷೆ ಹಿಂದಿನ ಅಕ್ಷರ ಯಾವುದೆಂದು ನೋಡುವುದಿಲ್ಲ, ಆದ್ದರಿಂದ ಗುಡಿಸಿಗೂ ‘ಇ’ ಸ್ವರಕ್ಕೂ ಬೇರೆ ಬೇರೆ ಒತ್ತು ಬೇಕು. ಎಂ17ಎನ್ ಎಂಬ ಬಹುಭಾಷಾ ತಂತ್ರಾಂಶದ ಮೂಲಕ ಬರುವ ಕಗಪವು ಹಿಂದಿನ ಅಕ್ಷರವನ್ನು ನೋಡಿ ತಾನೇ ತೀರ್ಮಾನಿಸುತ್ತದೆ. ನುಡಿಯಲ್ಲಿ ಕೈಪಳಗಿದವರು ಎರಡನೆಯದನ್ನೇ ಹಾಕಿಕೊಳ್ಳಬೇಕು. ಮೊದಲನೆಯದು ಕ್ಷಣಕ್ಷಣಕ್ಕೂ ಕೈ ತಡೆಯುತ್ತದೆ.

ದೊಡ್ಡಮ್ಮನ ಕೈಗೆ

ಟ್ಯಾಬ್ಲೆಟ್ಟನ್ನು ಕೈಗೆ ತೆಗೆದುಕೊಂಡ ದೊಡ್ಡಮ್ಮ ಎಲ್ಲ ಹಿರಿಯರಂತೆ ಪುಟದ ತಲೆಗೆ ‘ಶ್ರೀ’ ಬರೆಯಲು ಹೊರಟರು. ಶಕಾರ ಒತ್ತಿದರು, ಗುಡಿಸಿನ ದೀರ್ಘ ಕೊಟ್ಟರು, ಆಮೇಲೆ ಅರ್ಧಾಕ್ಷರದ ಚಿಹ್ನೆ, ರಕಾರ. ಒತ್ತು ಕೆಳಗಿಳಿಯಲಿಲ್ಲ, ‘ಶೀ’ ಒಂದು ಕಡೆ, ‘ರ’ ಇನ್ನೊಂದು ಕಡೆ ನಿಂತವು.

“ಯಾಕೋ ರ ಒತ್ತು ಬರ್ತಾ ಇಲ್ವಲ್ಲಪ್ಪ?”

“ಒತ್ತು ಮೊದಲು ಕೊಡಿ ದೊಡ್ಡಮ್ಮ, ಗುಡಿಸು ಆಮೇಲೆ.”

“ನಾವು ಬರೆಯೋದು ಹಾಗಲ್ಲ ಕಣೋ. ಮೇಲಿಂದು ಮುಗಿಸಿ ಆಮೇಲೆ ಕೆಳಗೆ.”

ಅವರು ಹೇಳಿದ್ದು ಸರಿ. ಕೈಬರಹದಲ್ಲಿ ಮೂಲಾಕ್ಷರವನ್ನೂ ಅದರ ಕಾಗುಣಿತವನ್ನೂ ಮುಗಿಸಿ, ಕಡೆಯಲ್ಲಿ ಒತ್ತನ್ನು ಕೆಳಗೆ ಇಡುತ್ತೇವೆ. ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಕೂಡಿಡುತ್ತದೆ: ಶ್, ರ್, ಈ. ಹಾಗಾಗಿ ಒತ್ತಿಗೆ ಬರುವ ವ್ಯಂಜನವೆಲ್ಲ ಮುಗಿದ ಮೇಲಷ್ಟೇ ಸ್ವರಚಿಹ್ನೆ. “ತರಗತಿಯಲ್ಲಿ ಬಿಡಿಸಿ ಹೇಳಿಕೊಡ್ತಿದ್ರಲ್ಲ, ಶ್ ಕಾರಕ್ಕೆ ರ್ ಕಾರ ಸೇರಿ ಈ ಕಾರ ಅಂತ, ಅದೇ ಕ್ರಮ” ಎಂದು ಹೇಳಿದೊಡನೆ ಅವರಿಗೆ ದಾರಿ ಸಿಕ್ಕಿತು. ವ್ಯಾಕರಣ ಕಲಿಸಿದವರಿಗೆ ಇದನ್ನು ಎರಡನೆಯ ಬಾರಿ ಹೇಳುವ ಅಗತ್ಯ ಬೀಳಲಿಲ್ಲ. ‘ಸ್ತ್ರೀ’ ಎಂಬುದಕ್ಕೆ ಆರು ಒತ್ತು ಬೇಕೆಂದು ತಾವೇ ಎಣಿಸಿ ಹೇಳಿದರು. ಸ್ವರಗಳ ಪುಟ ತಾನಾಗಿ ಮರಳುವುದು ಮೊದಲಿಗೆ ಅವರನ್ನು ಚಕಿತಗೊಳಿಸಿತಾದರೂ, ಒಂದು ಹಾಡಿನ ಪಲ್ಲವಿ ಮುಗಿಯುವಷ್ಟರಲ್ಲಿ ಅದು ರೂಢಿಯಾಯಿತು. ವೇಗ ಕಡಿಮೆಯೇ, ಆದರೆ ಅಕ್ಷರಕ್ಕಾಗಿ ಹುಡುಕುತ್ತಾ ಬೆರಳು ಗಾಳಿಯಲ್ಲಿ ನಿಲ್ಲುವುದು ಬಹುತೇಕ ತಪ್ಪಿತು.

ಓದಿನ ವಿಷಯ ಅಷ್ಟು ಸರಳವಾಗಿರಲಿಲ್ಲ. ಡೆಮಿ 1/8 ಆಕಾರದ ಪುಸ್ತಕದ ಪುಟ ಸುಮಾರು 140 ಮಿಲಿಮೀಟರ್ ಅಗಲ. ಅದನ್ನು 88 ಮಿಲಿಮೀಟರಿಗೆ ಇಳಿಸಿದರೆ ಅಕ್ಷರ ಮೂಲದ ಶೇ. 63ಕ್ಕೆ ಕುಗ್ಗುತ್ತದೆ, 12 ಪಾಯಿಂಟಿನ ಅಚ್ಚು ಏಳೂವರೆ ಪಾಯಿಂಟಿನಷ್ಟಾಗುತ್ತದೆ. ಪಿಡಿಎಫ್ ಓದುವ ಆಕ್ಯುಲರ್ ತಂತ್ರಾಂಶದಲ್ಲಿ ಅಂಚುಗಳನ್ನು ಕತ್ತರಿಸಿ ತೋರಿಸುವ ಸೌಲಭ್ಯವಿದೆ. ಸುತ್ತಲಿನ ಬಿಳಿ ಜಾಗ ಹೋದರೆ ಅಚ್ಚಾದ ಭಾಗ 105 ಮಿಲಿಮೀಟರಿನ ಆಸುಪಾಸು, ಆಗ ಶೇ. 84, ಅಂದರೆ ಹತ್ತು ಪಾಯಿಂಟ್. ಕನ್ನಡಕದೊಡನೆ ಓದಲು ಸಾಕು. ಪರದೆಯನ್ನು ಅಡ್ಡ ತಿರುಗಿಸಿದರೆ ಅಗಲ 155 ಮಿಲಿಮೀಟರ್ ಸಿಕ್ಕಿ ಪುಟ ಮೂಲಕ್ಕಿಂತಲೂ ದೊಡ್ಡದಾಗುತ್ತದೆ, ಆದರೆ ಒಮ್ಮೆಗೆ ಅರ್ಧ ಪುಟವೂ ಕಾಣುವುದಿಲ್ಲ.

ಇನ್ನೊಂದು ಅಡ್ಡಿ ಕಡತಗಳದ್ದೇ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಅವುಗಳಲ್ಲಿ ಹಲವನ್ನು ಜಾಗ ಉಳಿಸಲೆಂದು ಜೆಪೆಗ್ 2000 ಮಾದರಿಯಲ್ಲಿ ಬಿಗಿಯಾಗಿ ಅಡಕಿಸಿರುವುದರಿಂದ, ಪುಟ ತಿರುವಿದಾಗಲೆಲ್ಲ ಪೈ ಅದನ್ನು ಬಿಡಿಸುತ್ತಾ ಕೂರುತ್ತದೆ, ಓದುವವರು ಕಾಯುತ್ತಾ ಕೂರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಒಮ್ಮೆಗೇ ಪುಟಗಳನ್ನು ಬೂದು ಛಾಯೆಯ ಸಾಮಾನ್ಯ ಜೆಪೆಗ್‌ಗೆ ಬದಲಿಸಿ, ಅಂಚು ಕತ್ತರಿಸಿ, 1440 ಪಿಕ್ಸೆಲ್ ಅಗಲಕ್ಕೆ ಇಳಿಸಿ ಮತ್ತೆ ಕಟ್ಟಿದರೆ ಪುಟ ತಕ್ಷಣ ತಿರುಗುತ್ತದೆ. ಕಡತ ದಪ್ಪಗಾಗುತ್ತದೆ, ಆಗಲಿ. 64 ಜಿಬಿ ಕಾರ್ಡಿನಲ್ಲಿ ಜಾಗಕ್ಕೆ ಬರವಿಲ್ಲ.

ಉಳಿದ ಕೆಲಸ

ಕೊಂಡ ಟ್ಯಾಬ್ಲೆಟ್ಟಿನಲ್ಲಿ ನಾವು ಗಮನಿಸದೇ ಬಳಸುವ ಕೆಲವು ಇಲ್ಲಿಲ್ಲ. ಪೈ 4ಕ್ಕೆ ಫೋನಿನಂಥ ನಿದ್ರೆಯ ಸ್ಥಿತಿ ಇಲ್ಲ, ಪರದೆ ಆರಿಸಬಹುದು ಅಷ್ಟೆ. ಬೋರ್ಡು ಎಚ್ಚರವಾಗಿದ್ದು ಕರೆಂಟು ಕುಡಿಯುತ್ತಲೇ ಇರುತ್ತದೆ. ಪರದೆಯನ್ನು ತಿರುಗಿಸಿದರೆ ಪುಟ ತಾನಾಗಿ ತಿರುಗುವುದಿಲ್ಲ, ಅದಕ್ಕೆ ಸೆನ್ಸರ್ ಬೇಕು. ಸ್ಪೀಕರ್ ಇಲ್ಲ, ಧ್ವನಿಗೆ 3.5 ಮಿಲಿಮೀಟರಿನ ಹೆಡ್‌ಫೋನ್ ಕಿಂಡಿಯೋ ಬ್ಲೂಟೂತೋ ಗತಿ. ಪವರ್‌ಬ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಪೈಗೆ ತಿಳಿಯುವ ದಾರಿಯೇ ಇಲ್ಲದ್ದರಿಂದ, ಅದರ ದೀಪಗಳು ಕಾಣುವಂತೆ ಚೌಕಟ್ಟಿನಲ್ಲಿ ಒಂದು ಸೀಳು ಬಿಟ್ಟಿದ್ದೇವೆ.

ಇವೆಲ್ಲಕ್ಕಿಂತ ಕಾಡುವುದು ಚಾರ್ಜಿಂಗ್. ಗೋಡೆಯ ಚಾರ್ಜರನ್ನು ಚುಚ್ಚಿದ ಕ್ಷಣ ಪವರ್‌ಬ್ಯಾಂಕ್ ತನ್ನ ಹೊರಹರಿವನ್ನು ಒಮ್ಮೆ ಕತ್ತರಿಸಿ ಮತ್ತೆ ಕೊಡುತ್ತದೆ. ಅಷ್ಟರಲ್ಲಿ ಪೈ ಸತ್ತು ಹುಟ್ಟುತ್ತದೆ, ಉಳಿಸದ ಸಾಲುಗಳು ಹೋಗುತ್ತವೆ. ಸದ್ಯಕ್ಕೆ ಸಂಪಾದಕದಲ್ಲಿ ತಾನಾಗಿ ಉಳಿಸುವ ವ್ಯವಸ್ಥೆಯನ್ನು ಹಾಕಿಕೊಟ್ಟು, ಆರಿಸಿದ ಮೇಲೆಯೇ ಚಾರ್ಜಿಗೆ ಇಡಬೇಕೆಂದು ಹೇಳಿದ್ದೇನೆ. ಮುಂದಿನ ಆವೃತ್ತಿಯಲ್ಲಿ ಪವರ್‌ಬ್ಯಾಂಕ್ ತೆಗೆದು, ಚಾರ್ಜ್ ಆಗುತ್ತಲೇ ಕರೆಂಟು ಕೊಡಬಲ್ಲ, ಬ್ಯಾಟರಿಯ ಮಟ್ಟವನ್ನು ಪೈಗೆ ತಿಳಿಸಬಲ್ಲ ಯುಪಿಎಸ್ ಬೋರ್ಡೊಂದನ್ನು ಕೂರಿಸಬೇಕು. ಅಂಥದ್ದು 5 ವೋಲ್ಟ್‌ನಲ್ಲಿ 3 ಆಂಪಿಯರನ್ನು ಕುಸಿಯದೆ ಕೊಡುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲು ಅಳೆದು ನೋಡಬೇಕಾಗಿದೆ. ಅದು ಬರುವವರೆಗೆ ಕೀಲಿಮಣೆಯ ಚಿಲ್ಲರೆ ತಿದ್ದುಪಡಿಗಳು ನಡೆಯುತ್ತಿವೆ. ಪೂರ್ಣವಿರಾಮಕ್ಕಿಂತ ಅಲ್ಪವಿರಾಮ ತಮಗೆ ಹೆಚ್ಚು ಬೇಕೆಂದು ದೊಡ್ಡಮ್ಮ ಹೇಳಿದ್ದಾರೆ. ಆರನೆಯ ಸಾಲಿನಲ್ಲಿ ಇಂಗ್ಲಿಷ್ ಕೀಲಿಯನ್ನು ಅಂಕಿಗಳ ಪುಟಕ್ಕೆ ಸರಿಸಿ, ಆ ಜಾಗವನ್ನು ಅಲ್ಪವಿರಾಮಕ್ಕೆ ಕೊಡುತ್ತಿದ್ದೇನೆ.